ತಿರುಗಿಸದ ಗಾಜಿನೆಳೆ

“ನಿಲ್ಲಿ, ನಿಲ್ಲಿ. ಈಗೇನು ಮಾಡಿದ್ರಿ?”

ಇನ್ಸ್‌ಪೆಕ್ಟರಮ್ಮ ಹಾಗೆ ಕೇಳಿದ್ದೇ ತಡ, ಬೆಳ್ಳಿಯಕ್ಕನ ಕೈ ಗಾಳಿಯಲ್ಲೇ ನಿಂತಿತು. ಎರಡು ಬೆರಳುಗಳ ನಡುವೆ ಗಾಜಿನ ಎಳೆಯೊಂದರ ತುದಿ ತೂಗಾಡುತ್ತಿತ್ತು. ಒಂದೂವರೆ ಮೀಟರ್ ಉದ್ದ, ಒಳಗೆ ಪೂರ್ತಿ ಟೊಳ್ಳು, ಗುಂಡುಸೂಜಿ ತೂರುವಷ್ಟೇ ತೂತು.

“ಏನೂ ಮಾಡ್ಲಿಲ್ಲ ಮೇಡಂ. ಕೆಲಸ ಹೇಗೆ ಮಾಡ್ತೀರಿ ತೋರಿಸಿ ಅಂದ್ರಿ. ತೋರಿಸ್ತಿದೀನಿ.”

“ಬೆಳ್ಳಿ ನೀರು ಈ ತುದಿಯಿಂದ ಒಳಗೆ ಹೋಯ್ತು. ಆಮೇಲೆ ಎಳೇನ ಪಂಪಿಂದ ಬಿಚ್ಚಿ ಹಿಂದುಮುಂದು ಮಾಡಿ ಕಟ್ಟಿದ್ರಿ. ಯಾಕೆ?”

ಬೆಳ್ಳಿಯಕ್ಕ ಕೈಯಲ್ಲಿದ್ದ ಎಳೆಯನ್ನು ನೋಡಿದಳು. ಅದನ್ನು ತಿರುಗಿಸಿದ್ದು ಅವಳಿಗೇ ಗೊತ್ತಾಗಿರಲಿಲ್ಲ. ಗೊತ್ತಾದ ಕ್ಷಣ ಮುಖ ಬಿಳಿಚಿಕೊಂಡಿತು.

“ರೂಢಿ,” ಎಂದಳು.

ಗಂಡನನ್ನು ಕೊಂದ ಆರೋಪ ಹೊತ್ತು ಮೂರು ದಿನದಿಂದ ಠಾಣೆಯಲ್ಲಿದ್ದವಳು, ಇವತ್ತು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ‘ನಾನೇ ಮಾಡಿದೆ’ ಎಂದು ಬರೆದುಕೊಟ್ಟಿದ್ದಳು. ನಾಳೆ ನ್ಯಾಯಾಧೀಶರ ಮುಂದೆ ಅದೇ ಮಾತು ಹೇಳಿದರೆ ಜೈಲು ಖಾಯಂ. ಕಾರ್ಖಾನೆಯ ಮೇಲಿನ ಮನೆಯಲ್ಲಿ ಅವಳ ಹತ್ತು ವರ್ಷದ ಮಗಳಿದ್ದಾಳೆ. ಅಪ್ಪ ಹೋಗಿ ಹತ್ತು ದಿನ, ನಾಳೆಯಿಂದ ಅಮ್ಮನೂ ಇಲ್ಲ.

ಆ ಮಗುವಿನ ಮುಖ ಕಣ್ಣ ಮುಂದೆ ಬಂದಾಗಲೆಲ್ಲ ಇನ್ಸ್‌ಪೆಕ್ಟರಮ್ಮನಿಗೆ ಕೇಸು ಮುಚ್ಚಲು ಮನಸ್ಸಾಗುತ್ತಿರಲಿಲ್ಲ. ತಪ್ಪೊಪ್ಪಿಗೆ ಕೈಯಲ್ಲಿದ್ದರೂ ಸ್ಥಳ ಮಹಜರಿನ ನೆಪ ಮಾಡಿ ಬೆಳ್ಳಿಯಕ್ಕನನ್ನು ಎಳೆಗೆ ಬೆಳ್ಳಿ ಹಿಡಿಸುವ ಈ ಲೇಪದ ಕೋಣೆಗೆ ಕರೆತಂದದ್ದು ಅದಕ್ಕೇ.

ಜೊತೆಗೆ ಬಂದಿದ್ದ ಪೇದೆ ಬಾಗಿಲಿಗೆ ಒರಗಿ ಮೀಸೆ ತೀಡುತ್ತಿದ್ದ. ನಿವೃತ್ತಿಗೆ ಎರಡು ತಿಂಗಳಿರುವ ಆಸಾಮಿ, ಯಾರಿಗೂ ಹೆದರುವವನಲ್ಲ.

“ಮೇಡಂ, ನನ್ನ ಹೆಂಡ್ತಿ ವಾರಕ್ಕೊಂದ್ಸಲ ಹಾಸಿಗೆ ಮಗುಚಿ ಹಾಕ್ತಾಳೆ. ಯಾಕೆ ಅಂತ ಬಾಯ್ತಪ್ಪಿ ಕೇಳಿದ್ರೆ ಮುಗೀತು, ಅರ್ಧ ಗಂಟೆ ಪಾಠ. ಕೆಲಸ ಬಲ್ಲೋರಿಗೆ ಹೇಳೋ ಚಪಲ ಇದ್ದೇ ಇರುತ್ತೆ. ಈಯಮ್ಮ ನೋಡಿದ್ರೆ ಬಾಯೇ ಬಿಡಲ್ಲ ಅಂತಾರೆ.”

“ನೀನು ಸ್ವಲ್ಪ ಬಾಯಿ ಮುಚ್ಚು,” ಎಂದಳು ಇನ್ಸ್‌ಪೆಕ್ಟರಮ್ಮ. ಆದರೆ ಮಾತು ಮನಸ್ಸಿಗೆ ನಾಟಿತು.

ಮೇಜಿನ ಮೇಲೆ ಎರಡು ಬಾಟಲಿ, ಒಂದು ಸಣ್ಣ ಪಂಪು, ಒಂದು ಗಡಿಯಾರ. ಅರ್ಧ ಗಂಟೆಯ ಹಿಂದೆ ತಿಳಿಯಾಗಿದ್ದ ಗಾಜಿನೆಳೆ ಅವಳ ಕಣ್ಣೆದುರೇ ಮೊದಲು ಮಸಿಬಣ್ಣಕ್ಕೆ ತಿರುಗಿ, ಆಮೇಲೆ ಉದ್ದಕ್ಕೂ ಕನ್ನಡಿಯಾಗಿತ್ತು. ಒಳಗೋಡೆಗೆ ಬೆಳ್ಳಿ ಹಿಡಿದದ್ದು. ಇನ್ನು ಅದರೊಳಗೆ ಅಯೋಡಿನ್ ಬೆರೆತ ನೇರಳೆ ದ್ರವ ಹರಿಯಬೇಕು. ಅದು ಬೆಳ್ಳಿಯ ಮೇಲ್ಮೈಯನ್ನು ಒಂದಿಷ್ಟು ತಿಂದು ತೆಳುವಾದ ಹಳದಿ ಪದರ ಕಟ್ಟುತ್ತದೆ. ಆಪರೇಷನ್‌ಗೆ ಬಳಸುವ ಲೇಸರಿನ ಬೆಳಕು ಇನ್‌ಫ್ರಾರೆಡ್, ಕಣ್ಣಿಗೆ ಕಾಣದು. ಸಾಮಾನ್ಯ ಗಾಜಿನೊಳಗೆ ಬಿಟ್ಟರೆ ಗಾಜೇ ಅದನ್ನು ನುಂಗಿ ಬೆಂದುಹೋಗುತ್ತದೆ. ಅದಕ್ಕೇ ಈ ಟೊಳ್ಳು, ಈ ಬೆಳ್ಳಿ, ಈ ಹಳದಿ.

ದ್ರವ ಹರಿಸುವ ಹೊತ್ತೇ ಇಲ್ಲಿ ಎಲ್ಲ. ಹಲ್ಲಿನ ಡಾಕ್ಟರ ಸಣ್ಣ ಲೇಸರಿಗೆ ಎರಡು ನಿಮಿಷ, ತೆಳು ಪದರ. ಗಂಟಲಿನ ಗಡ್ಡೆ ಕೊಯ್ಯುವ ದೊಡ್ಡ ಲೇಸರಿಗೆ ಆರು ನಿಮಿಷ, ದಪ್ಪ ಪದರ. ತೆಳು ಪದರದ ಎಳೆಯನ್ನು ದೊಡ್ಡ ಲೇಸರಿಗೆ ಕಟ್ಟಿ ಬಾಗಿಸಿದರೆ ಬಾಗಿದ ಜಾಗ ಕಾದು ಒಡೆಯುತ್ತದೆ. ಹನ್ನೊಂದು ದಿನದ ಹಿಂದೆ ಬೆಳ್ಳಿಯಕ್ಕನ ಗಂಡ ಪರೀಕ್ಷೆ ಕೋಣೆಯಲ್ಲಿದ್ದಾಗ ಆದದ್ದು ಅದೇ. ಒಡೆದ ಜಾಗದಿಂದ ಹೊರಬಿದ್ದ ಬೆಳಕು ಎಳೆ ಒರೆಸುವ ಬಟ್ಟೆಗೆ ಬಿದ್ದು, ಬಟ್ಟೆಯ ಬೆಂಕಿ ಮೈಗೆ ಹತ್ತಿ, ಆತ ಆಸ್ಪತ್ರೆಯಲ್ಲಿ ಒಂದೇ ದಿನ ಬದುಕಿದ್ದ.

ಎಳೆಗೆ ಕಟ್ಟಿದ್ದ ಚೀಟಿಯಲ್ಲಿ ‘ದಪ್ಪ ಪದರ’ ಎಂದಿತ್ತು, ಕೆಳಗೆ ಬೆಳ್ಳಿಯಕ್ಕನ ಸಹಿ. ಅದಕ್ಕೂ ಎರಡು ದಿನ ಮೊದಲು ಗಂಡ ಹೆಂಡತಿಗೆ ಜೋರು ಜಗಳವಾಗಿ ಅವಳು ಮಗಳನ್ನು ಇಲ್ಲೇ ಬಿಟ್ಟು ತನ್ನ ಅಣ್ಣನ ಮನೆಗೆ ಹೋಗಿದ್ದಳು. ಹೋಗುವಾಗ ‘ನಿಮ್ಮ ಬಾಯಿಗೆ ಬೆಂಕಿ ಹಾಕ’ ಎಂದದ್ದನ್ನು ಇಡೀ ಕಾರ್ಖಾನೆ ಕೇಳಿತ್ತು. ಕೆಟ್ಟ ಎಳೆಯನ್ನು ಮಾಡಿಟ್ಟೇ ಹೋದಳು ಎನ್ನುವುದು ಪೊಲೀಸರ ವಾದ. ಮೇಲಧಿಕಾರಿಗಳಿಗೆ ಇಷ್ಟು ಸಾಕಾಗಿತ್ತು.

ಇನ್ಸ್‌ಪೆಕ್ಟರಮ್ಮ ಚೀಲದಿಂದ ಪ್ರಯೋಗಾಲಯದ ವರದಿ ತೆಗೆದಳು. ಅವಳ ಅಪ್ಪ ಕನ್ನಡಕದ ಗಾಜು ಉಜ್ಜಿ ಜೀವನ ಮಾಡಿದವನು. ಗಾಜು ಸುಮ್ಮನೆ ಒಡೆಯೋದಿಲ್ಲ, ಯಾರೋ ಒಡೆದಿರ್ತಾರೆ ಎಂದು ಹೇಳಿ ಹೇಳಿ ಮಗಳ ತಲೆ ತಿಂದಿದ್ದ. ಆ ಹಠಕ್ಕೇ ಅವಳು ಸುಟ್ಟ ಎಳೆಯ ಜೊತೆ ಕಪಾಟಿನಲ್ಲಿದ್ದ ಬೆಳ್ಳಿಯಕ್ಕನ ಇನ್ನೆರಡು ಎಳೆಗಳನ್ನೂ ಪರೀಕ್ಷೆಗೆ ಕಳಿಸಿದ್ದಳು.

ದ್ರವ ಯಾವುದಾದರೂ ಸರಿ, ಒಳಹೋಗುವ ತುದಿಯಲ್ಲಿ ಪದರ ತುಸು ದಪ್ಪ, ಹೊರಬರುವ ತುದಿಯಲ್ಲಿ ತೆಳು. ಬೆಳ್ಳಿಯಕ್ಕನ ಎರಡೂ ಎಳೆಗಳಲ್ಲಿ ಬೆಳ್ಳಿ ಒಂದು ತುದಿಯಲ್ಲಿ ದಪ್ಪ, ಹಳದಿ ಪದರ ಇನ್ನೊಂದು ತುದಿಯಲ್ಲಿ ದಪ್ಪ. ಸುಟ್ಟ ಎಳೆಯಲ್ಲಿ ಎರಡೂ ಒಂದೇ ತುದಿಯಲ್ಲಿ ದಪ್ಪ.

ಮೂರು ದಿನದಿಂದ ಈ ಅಂಕಿಗಳು ಚೀಲದಲ್ಲೇ ಇದ್ದವು. ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತೇ ಎಂದು ಅವಳು ತನ್ನನ್ನೇ ಬೈದುಕೊಂಡಳು.

“ಬೆಳ್ಳಿಯಕ್ಕ, ಸುಟ್ಟುಹೋದ ಎಳೇನ ಯಾರೂ ತಿರುಗಿಸಿಲ್ಲ. ಅದು ನಿಮ್ಮ ಕೈಕೆಲಸ ಅಲ್ಲ.”

“ನಂದೇ. ಅವತ್ತು ಮರೆತೆ.”

“ಈಗ ಪೊಲೀಸರ ಮಧ್ಯೆ ನಿಂತಾಗಲೂ ಮರೀಲಿಲ್ಲ. ಅವತ್ತು ಮರೆತ್ರಾ?”

“ಬರೆದುಕೊಟ್ಟಿದೀನಲ್ಲ ಮೇಡಂ!” ಬೆಳ್ಳಿಯಕ್ಕ ಎಳೆಯನ್ನು ಮೇಜಿನ ಮೇಲಿಟ್ಟಳು. “ಸಹಿ ಹಾಕಿದೀನಿ. ಇನ್ನೇನು ಬೇಕು? ನಿಮ್ಮ ಕಾಲು ಹಿಡ್ಕೊತೀನಿ, ಇಲ್ಲಿಗೆ ಬಿಟ್ಟುಬಿಡಿ.”

ಜೈಲಿನಿಂದ ಬಿಡಿಸಿ ಎಂದು ಕಾಲು ಹಿಡಿದವರನ್ನು ಇನ್ಸ್‌ಪೆಕ್ಟರಮ್ಮ ಬೇಕಾದಷ್ಟು ಕಂಡಿದ್ದಳು. ಜೈಲಿಗೆ ಕಳಿಸಿ ಎಂದು ಹಿಡಿಯುವವಳನ್ನು ಕಂಡದ್ದು ಇದೇ ಮೊದಲು.

ಅವಳು ಕೋಣೆಯನ್ನು ಒಂದು ಸುತ್ತು ಹಾಕಿದಳು. ಬಾಗಿಲ ಹಿಂದೆ, ಏಪ್ರನ್ನುಗಳ ಕೆಳಗೆ, ಹಳದಿಯಾದ ಕಾಗದವೊಂದು ಅಂಟಿಕೊಂಡಿತ್ತು. ದುಂಡು ಅಕ್ಷರದಲ್ಲಿ ಕೆಲಸದ ಕ್ರಮ ಬರೆದಿತ್ತು. ತೊಳೆಯುವುದು, ಬೆಳ್ಳಿ, ಮತ್ತೆ ತೊಳೆಯುವುದು, ಅಯೋಡಿನ್, ಒಣಗಿಸುವುದು. ಕೊನೆಯಲ್ಲಿ ಎರಡು ಗೆರೆ ಎಳೆದು, ‘ಎಲ್ಲವೂ ಒಂದೇ ತುದಿಯಿಂದ’.

ಆ ಕಾಗದವನ್ನು ನೋಡುತ್ತಿದ್ದ ಇನ್ಸ್‌ಪೆಕ್ಟರಮ್ಮನನ್ನು ಬೆಳ್ಳಿಯಕ್ಕ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

“ಇವರನ್ನ ಇಲ್ಲೇ ನೋಡ್ಕೋ,” ಎಂದು ಪೇದೆಗೆ ಹೇಳಿ, ಅವಳು ಕಾಗದವನ್ನು ಹುಷಾರಾಗಿ ಕಿತ್ತುಕೊಂಡು ಹೊರಟಳು.

ಪರೀಕ್ಷೆ ಕೋಣೆಯ ಬಾಗಿಲು ತೆಗೆದರೆ ಇನ್ನೂ ಸುಟ್ಟ ವಾಸನೆ. ಕಿಟಕಿಯಿಲ್ಲದ ಕೋಣೆ. ಬಾಗಿಲ ಮೇಲೊಂದು ಕೆಂಪು ದೀಪ. ಅದು ಉರಿಯುತ್ತಿದ್ದರೆ ಒಳಗೆ ಲೇಸರ್ ಓಡುತ್ತಿದೆ ಎಂದರ್ಥ, ಹೊರಗಿನವರು ಬಾಗಿಲು ಮುಟ್ಟುವಂತಿಲ್ಲ. ಆ ಕಟ್ಟುನಿಟ್ಟೇ ಅವನ ಜೀವ ತೆಗೆದಿತ್ತು. ಕೂಗು ಕೇಳಿದರೂ ಜನ ಎರಡು ನಿಮಿಷ ಬಾಗಿಲಲ್ಲೇ ಹಿಂದೆಮುಂದೆ ನೋಡಿದ್ದರು.

ಕಾರ್ಖಾನೆಯ ಯಜಮಾನ ಒಳಗೆ ಒಬ್ಬನೇ ನಿಂತಿದ್ದ. ಸತ್ತವನ ಅಣ್ಣ, ಬೆಳ್ಳಿಯಕ್ಕನಿಗೆ ಭಾವ. ಹನ್ನೊಂದು ದಿನದಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಕಾಣುತ್ತಿದ್ದ. ಎಳೆಯನ್ನು ಬಾಗಿಸಿ ನೋಡುವ ತಗಡಿನ ಚಕ್ರದ ಮಸಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದ.

“ಈ ಅಕ್ಷರ ಯಾರದು?” ಇನ್ಸ್‌ಪೆಕ್ಟರಮ್ಮ ಕಾಗದ ಹಿಡಿದಳು.

“ಅಮ್ಮಂದು. ಇಲ್ಲಿ ಲೇಪದ ಕೆಲಸ ಶುರು ಮಾಡಿದ್ದೇ ಅಮ್ಮ. ತಮ್ಮನ ಹೆಂಡ್ತಿಗೂ ಅವಳೇ ಹೇಳಿಕೊಟ್ಟಿದ್ದು.”

“ಒಂದೇ ತುದಿಯಿಂದ ಅಂತ ಬರೆದಿದಾರೆ. ಬೆಳ್ಳಿಯಕ್ಕ ತಿರುಗಿಸ್ತಾರೆ.”

“ಅದು ಅವಳು ಕಂಡುಕೊಂಡಿದ್ದು. ಒಂದು ಕಡೆ ಬೆಳ್ಳಿ ಕಮ್ಮಿಯಾದ್ರೆ ಅಲ್ಲಿ ಅಯೋಡಿನ್ನೂ ಕಮ್ಮಿಯಾಗಬಾರದು, ಎರಡೂ ಸೇರಿ ಒಂದೇ ತುದಿ ಬಡವಾಗಬಾರದು ಅಂತ. ಅಮ್ಮನಿಗೆ ಅದು ಸರಿ ಬರ್ತಿರಲಿಲ್ಲ. ಅತ್ತೆ ಸೊಸೆಗೆ ಆ ಒಂದು ವಿಷಯಕ್ಕೇ ಮುನಿಸು.”

“ಅಮ್ಮ ಈಗಲೂ ಲೇಪ ಮಾಡ್ತಾರಾ?”

“ಕಣ್ಣಿಗೆ ಪೊರೆ ಬಂದಿದೆ ಮೇಡಂ. ಬಿಟ್ಟು ಏಳು ವರ್ಷ ಆಯ್ತು.”

“ಏಳು ವರ್ಷ ಬಿಟ್ಟವರ ಉಗುರಿನ ಬುಡ ಯಾಕೆ ಕಪ್ಪಗಿದೆ?”

ಉಜ್ಜುತ್ತಿದ್ದ ಕೈ ನಿಂತಿತು.

“ಮೂರು ದಿನದ ಹಿಂದೆ ನಿಮ್ಮ ತಮ್ಮನ ಹೆಂಡತೀನ ಕರ್ಕೊಂಡು ಹೋಗೋಕೆ ಬಂದಾಗ, ನಿಮ್ಮಮ್ಮ ನನ್ನ ಕೈ ಹಿಡ್ಕೊಂಡು ಅತ್ತರು. ಒಲೆ ಮಸಿ ಅನ್ಕೊಂಡೆ. ಇವತ್ತು ಬೆಳ್ಳಿಯಕ್ಕನ ಕೈ ನೋಡಿದಾಗ ಗೊತ್ತಾಯ್ತು. ಅದು ಬೆಳ್ಳಿ ನೀರಿನ ಕಲೆ. ಸೋಪಿಗೆ ಹೋಗಲ್ಲ, ಎರಡು ವಾರ ಇರುತ್ತೆ. ಅಲ್ವಾ?”

ಯಜಮಾನ ಅಲ್ಲೇ ನೆಲದ ಮೇಲೆ ಕುಳಿತ. ಕಣ್ಣೊರೆಸಿಕೊಂಡ ಬಟ್ಟೆಯ ಮಸಿ ಕೆನ್ನೆಗೆಲ್ಲ ಹತ್ತಿತು.

“ಆಸ್ಪತ್ರೆಯವರು ತುರ್ತಾಗಿ ಬೇಕು ಅಂದ್ರು. ತಮ್ಮನ ಹೆಂಡ್ತಿ ಜಗಳ ಆಡ್ಕೊಂಡು ಹೋಗಿದ್ಲು. ಹಿಂದಿನ ದಿನ ಸಂಜೆ ಅಮ್ಮನ ಹತ್ರ ಹೋಗಿ, ಒಂದೇ ಒಂದು ಮಾಡಿಕೊಡಮ್ಮ ಅಂದೆ. ಎಷ್ಟು ಖುಷಿಪಟ್ಟಳು ಗೊತ್ತಾ ಮೇಡಂ? ಏಳು ವರ್ಷದ ಮೇಲೆ ಯಾರೋ ಕೆಲಸ ಕೇಳಿದ್ರು ಅಂತ. ಬೆಳಿಗ್ಗೆ ಬಂದು ನೋಡಿದ್ರೆ ಎಳೆಯ ಸುರುಳಿ ಕೊಕ್ಕೇಲಿ ನೇತಾಡ್ತಿತ್ತು. ಚೀಟಿ ಕಟ್ಟಿದೆ.”

“ಬೆಳ್ಳಿಯಕ್ಕನ ಸಹಿ ಇರೋ ಚೀಟಿ.”

“ಪ್ರತಿ ಸೋಮವಾರ ಅವಳು ಒಂದು ಕಟ್ಟು ಖಾಲಿ ಚೀಟಿಗೆ ಸಹಿ ಹಾಕಿಡ್ತಾಳೆ. ದಿನಾ ಕೈ ತೊಳೆದು ಪೆನ್ನು ಹಿಡಿಯೋಕೆ ಪುರುಸೊತ್ತಿರಲ್ಲ. ಇಲ್ಲಿ ಎಲ್ಲರೂ ಹಾಗೇನೇ. ಕಣ್ಣು ಕಾಣದ ಅಮ್ಮನ ಹೆಸರಲ್ಲಿ ಆಸ್ಪತ್ರೆಗೆ ಚೀಟಿ ಕಟ್ಟೋಕಾಗುತ್ತಾ?”

“ಅದಕ್ಕೆ ತಮ್ಮನ ಹೆಂಡತಿ ಕೊರಳಿಗೆ ಕಟ್ಟಿದ್ರಿ.”

ಯಜಮಾನ ತಲೆ ಎತ್ತಲಿಲ್ಲ. “ಅಮ್ಮನಿಗೆ ಹೇಗೆ ಹೇಳ್ಲಿ? ನಿನ್ನ ಕಣ್ಣು ಮೋಸ ಮಾಡ್ತು, ಬೇಗ ನಿಲ್ಲಿಸಿಬಿಟ್ಟೆ, ನಿನ್ನ ಮಗನ್ನ ನೀನೇ ಕೈಯಾರೆ ಸುಟ್ಟೆ ಅಂತ ಹೇಳ್ಲಾ? ಆ ಮಾತು ಕೇಳಿ ಅವಳು ಒಂದು ದಿನಾನೂ ಬದುಕಲ್ಲ.”

“ಒಬ್ಬ ಅಮ್ಮನ್ನ ಉಳಿಸೋಕೆ ಇನ್ನೊಬ್ಬ ಅಮ್ಮನ್ನ ಜೈಲಿಗೆ ಕಳಿಸ್ತೀರಾ? ಆ ಮಗು ಯಾರನ್ನ ಕೇಳಬೇಕು?”

“ನಾನು ಕಳಿಸಲಿಲ್ಲ! ನಿನ್ನೆ ಠಾಣೆಗೆ ಊಟ ತಗೊಂಡು ಹೋದಾಗ ಅವಳೇ ಕೇಳಿದ್ಲು, ‘ಭಾವ, ಅದನ್ನ ಮಾಡಿದ್ದು ಅತ್ತೆ ತಾನೇ’ ಅಂತ. ಹೂಂ ಅಂದೆ. ಇವತ್ತು ಅವಳಾಗೇ ಬರೆದುಕೊಟ್ಟಳು. ನಾನು ಬರಿ ಅಂದಿಲ್ಲ.”

“ಬೇಡ ಅಂತಾನೂ ಅನ್ನಲಿಲ್ಲ.”

ಅವನು ಮಸಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರಮ್ಮನಿಗೂ ಗೆದ್ದ ಸಮಾಧಾನವೇನೂ ಇರಲಿಲ್ಲ. ಬೆಳ್ಳಿಯಕ್ಕನನ್ನು ಬಿಡಿಸಬೇಕೆಂದರೆ ಈಗ ಮೆಟ್ಟಿಲು ಹತ್ತಿ ಹೋಗಿ ಆ ಮುದುಕಿಗೆ ಎದುರಾಗಿ ಕೂತು ಸತ್ಯ ಹೇಳಬೇಕು, ಹೇಳಿಕೆ ಬರೆಸಿಕೊಳ್ಳಬೇಕು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಪಾಪದ ಕೆಲಸ ಅವಳ ಪಾಲಿಗೆ ಬಂದಿರಲಿಲ್ಲ.

ಆದರೂ ಮಾಡಲೇಬೇಕು. ಅವಳು ಹೊರಗೆ ಬಂದಳು, ಹಿಂದೆಯೇ ಯಜಮಾನ ಕಾಲೆಳೆಯುತ್ತ ಬಂದ. ಲೇಪದ ಕೋಣೆಯಿಂದ ಬೆಳ್ಳಿಯಕ್ಕ ಪೇದೆಯನ್ನು ಪಕ್ಕಕ್ಕೆ ಸರಿಸಿ ಓಡಿಬಂದಳು. ಭಾವನ ಮುಖ ನೋಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು.

“ಹೇಳಿಬಿಟ್ರಾ ಭಾವ?”

“ನಾನೇ ಹಿಡಿದೆ. ಅವರ ಮೇಲೆ ಸಿಟ್ಟಾಗಬೇಡಿ,” ಎಂದಳು ಇನ್ಸ್‌ಪೆಕ್ಟರಮ್ಮ. “ಬೆಳ್ಳಿಯಕ್ಕ, ನಿಮ್ಮ ಮಗಳಿಗೆ ನೀವು ಬೇಕು.”

“ಅವಳಿಗೆ ಅಜ್ಜಿನೂ ಬೇಕು ಮೇಡಂ. ಅತ್ತೆಗೆ ಹೇಳಬೇಡಿ. ಹೇಳಬೇಡಿ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಎಳೆದ ಸದ್ದಾಯಿತು.

ಅಜ್ಜಿ ಒಂದು ಕೈಯಲ್ಲಿ ಗೋಡೆ ತಡವುತ್ತ ಇಳಿದು ಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಏನೋ ಇತ್ತು. ಯಾರಿಗೂ ಮುಂದೆ ಹೋಗಿ ಕೈ ಹಿಡಿಯಲು ಧೈರ್ಯ ಬರಲಿಲ್ಲ. ಕೊನೆಗೆ ಪೇದೆಯೇ ಹೋಗಿ, “ಬನ್ನಿ ಅಮ್ಮ, ನಿಧಾನ,” ಎಂದು ಇಳಿಸಿದ.

“ಅಮ್ಮ ಬಂದಿದಾಳೆ ಅಂತ ಮೊಮ್ಮಗಳು ಕಿಟಕಿಯಿಂದ ನೋಡಿ ಹೇಳಿದ್ಲು. ಎಲ್ಲಿ ನನ್ನ ಸೊಸೆ?”

“ಇಲ್ಲೇ ಇದೀನಿ ಅತ್ತೆ.”

ಅಜ್ಜಿ ಅವಳ ಕೆನ್ನೆಯನ್ನು ಬೆರಳಿನಿಂದ ಸವರಿ ನೋಡಿದಳು. “ಸೊರಗಿ ಹೋಗಿದೀಯ,” ಎಂದಳು. ಆಮೇಲೆ ಧ್ವನಿ ಬದಲಾಯಿಸಿ, “ದೊಡ್ಡೋನೇ, ಇದನ್ನ ಎಷ್ಟು ದಿನ ಅಂತ ಹಾಸಿಗೆ ಕೆಳಗೆ ಇಟ್ಕೊಳ್ಲೋ? ಏನಾದ್ರೂ ಬಡಿದ್ರೆ ಒಡೆದುಹೋಗುತ್ತೆ. ಯಾರಿಗೂ ಬೇಡದಿದ್ರೆ ನನ್ನ ಕೈಲಿ ಯಾಕೆ ಮಾಡಿಸಿದೆ?”

ಬಟ್ಟೆ ಬಿಚ್ಚಿದಳು. ಒಳಗೆ ಗಾಜಿನೆಳೆಯ ಸುರುಳಿ, ಹೊಚ್ಚ ಹೊಸದು.

ಯಜಮಾನ ಅದನ್ನೊಮ್ಮೆ ಅಮ್ಮನನ್ನೊಮ್ಮೆ ನೋಡಿದ. “ಅಮ್ಮ... ಇದು ಅವತ್ತು ನಾನು ಹೇಳಿದ್ದಾ? ನೀನು ಕೊಕ್ಕೆಗೆ ಹಾಕಲಿಲ್ವಾ?”

“ಎಲ್ಲಿ ಹಾಕ್ಲಿ? ಕಣ್ಣು ಕಾಣ್ದಿದ್ರೂ ಆರು ನಿಮಿಷ ಒಂದೊಂದೇ ಎಣಿಸಿ ಮಾಡಿದೀನಪ್ಪ. ಬೆಳಿಗ್ಗೆ ಎದ್ದು ತರ್ತಿದ್ದೆ, ಚಿಕ್ಕೋನು ಮೆಟ್ಟಿಲ ಹತ್ರಾನೇ ಸಿಕ್ಕಿದ. ‘ನಿಂದು ಬೇಡಮ್ಮ, ರಾತ್ರಿನೇ ನಾನೊಂದು ಮಾಡಿ ಕೊಕ್ಕೆಗೆ ಹಾಕಿದೀನಿ. ಅಣ್ಣನಿಗೆ ಹೇಳಬೇಡ, ನಿಂದೇ ಅನ್ಕೊಳ್ಲಿ’ ಅಂದ. ನಿನ್ನ ಮನಸ್ಸಿಗೆ ಬೇಜಾರಾಗದಿರಲಿ ಅಂತ ಅಂದ ಅನ್ಕೊಂಡೆ.” ಅಜ್ಜಿ ಮೂಗೊರೆಸಿಕೊಂಡಳು. “ಅವನಿಗೂ ನಾನೇ ಕಲಿಸಿದ್ದು. ಕೈ ಚೆನ್ನಾಗಿತ್ತು ಅವಂದು.”

ಮೊದಲು ಇನ್ಸ್‌ಪೆಕ್ಟರಮ್ಮನಿಗೆ ಬಂದದ್ದು ಸಮಾಧಾನ. ಈ ಮುದುಕಿಯ ಕೈ ಮಗನನ್ನು ಕೊಂದಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು.

ಹನ್ನೆರಡು ವರ್ಷ ಈ ಕಾರ್ಖಾನೆಯಲ್ಲಿ ಪದರ ಅಳೆದು ಅಳೆದು ಕಳಿಸಿದ ಚಿಕ್ಕ ಮಗ, ಎರಡು ನಿಮಿಷಕ್ಕೂ ಆರು ನಿಮಿಷಕ್ಕೂ ವ್ಯತ್ಯಾಸ ತಿಳಿಯದೆ ತೆಳು ಪದರ ಮಾಡುವವನಲ್ಲ. ಬೇಕೆಂದೇ ಮಾಡಿದ್ದ. ಅದನ್ನು ಅಮ್ಮ ಮಾಡಿದ್ದೆಂದು ಅಣ್ಣ ನಂಬಲಿ ಎಂದೂ ಬಯಸಿದ್ದ.

“ಆ ದಿನ ಪರೀಕ್ಷೆ ಕೋಣೇಲಿ ಯಾರು ಕೂರಬೇಕಿತ್ತು?” ಎಂದು ಕೇಳಿದಳು.

ಯಜಮಾನ ಪರೀಕ್ಷೆ ಕೋಣೆಯ ಬಾಗಿಲ ಕಡೆ ನೋಡಿದ. “ದೊಡ್ಡ ಲೇಸರಿಗೆ ಒಂದು ವಾರ ನಾನು, ಒಂದು ವಾರ ಅವನು. ಆ ವಾರ... ನಂದು.”

“ಮತ್ತೆ ಅವರು ಹೇಗೆ ಒಳಗೆ ಬಂದ್ರು?”

“ಎಳೆ ಕಟ್ಟಿ ಲೇಸರ್ ಶುರು ಮಾಡಿದ್ದೆ. ಪೂರ್ತಿ ಜೋರಿಗೆ ಬರೋಕೆ ನಾಲ್ಕೈದು ನಿಮಿಷ ಬೇಕು. ಅಷ್ಟರಲ್ಲಿ ಆಫೀಸ್ ಕೋಣೆ ಫೋನು ಒಂದೇ ಸಮ ಹೊಡ್ಕೊಳ್ತಿತ್ತು. ಆಸ್ಪತ್ರೆಯವರೇನೋ ಅಂತ ಎದ್ದು ಹೋದೆ. ಎತ್ತಿದ್ರೆ ಯಾರೂ ಮಾತಾಡ್ಲಿಲ್ಲ. ಉಸಿರಾಟ ಮಾತ್ರ ಕೇಳ್ತಿತ್ತು. ಹಲೋ ಹಲೋ ಅಂತ ಕೂಗ್ತಾನೇ ಇದ್ದೆ. ಇಟ್ಟು ಹೊರಗೆ ಬರೋಷ್ಟರಲ್ಲಿ ಒಳಗಿಂದ ಕೂಗು. ತಮ್ಮ ಯಾವಾಗ ಒಳಗೆ ಹೋದ, ಯಾಕೆ ಹೋದ, ದೇವರಾಣೆ ಗೊತ್ತಿಲ್ಲ.”

ಮಾತು ಮುಗಿಯುವ ಮೊದಲೇ ಅವನಿಗೆ ತನ್ನ ಮಾತಿನ ಅರ್ಥ ಹೊಳೆಯಿತು. ಗೋಡೆ ಹಿಡಿದುಕೊಂಡ. ಅಜ್ಜಿ “ಏನಾಯ್ತೋ? ಏನಂತೆ?” ಎಂದು ಗಾಳಿಯಲ್ಲಿ ಕೈ ಆಡಿಸಿದಳು. ಪೇದೆಯ ಕೈ ಮೀಸೆಯ ಮೇಲೇ ಉಳಿಯಿತು.

ಬೆಚ್ಚಿಬೀಳದವಳು ಒಬ್ಬಳೇ. ಬೆಳ್ಳಿಯಕ್ಕ ಅತ್ತೆಯ ಕೈಯಿಂದ ಸುರುಳಿ ತೆಗೆದುಕೊಂಡು, ಜೋಪಾನವಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಹನ್ನೊಂದು ದಿನದಿಂದ ಗೊತ್ತಿದ್ದ ಸುದ್ದಿಯನ್ನು ಮತ್ತೊಮ್ಮೆ ಕೇಳಿದವಳ ಮುಖ ಅದು.

“ಬೆಳ್ಳಿಯಕ್ಕ,” ಎಂದಳು ಇನ್ಸ್‌ಪೆಕ್ಟರಮ್ಮ. ತನ್ನ ದನಿಯೇ ತನಗೆ ದೂರದಿಂದ ಕೇಳಿದಂತಾಯಿತು. “ನೀವು ಬಚ್ಚಿಡ್ತಿದ್ದಿದ್ದು ಅತ್ತೆ ಹೆಸರು ಅಲ್ಲ.”

“ಅಲ್ಲ. ಭಾವ ಹಾಗೆ ಅಂದ್ಕೊಳ್ಲಿ ಅಂತ ಬಿಟ್ಟೆ,” ಎಂದಳು ಬೆಳ್ಳಿಯಕ್ಕ. ಗಂಟು ಬಿಗಿದು, ತಲೆ ಎತ್ತಿ ಭಾವನನ್ನೇ ನೋಡಿದಳು. “ಕೊಲೆಗಾರನ ಮಗಳು ಅಂತ ನನ್ನ ಮಗೂನ ಯಾರೂ ಕರೀಬಾರದು ಅಂತ ಬಾಯಿ ಹೊಲ್ಕೊಂಡಿದ್ದೆ. ಕಾರ್ಖಾನೆ ಪೂರ್ತಿ ತನಗೇ ಬರಲಿ ಅಂತ ನಿಮ್ಮನ್ನ ಮುಗಿಸ್ತೀನಿ ಅಂದಿದ್ರು, ನಾನು ಜಗಳ ಆಡಿದ್ದು ಅದಕ್ಕೇ; ಅವತ್ತು ‘ಅಣ್ಣ ಒಳಗೆ ಹೋದ’ ಅಂತ ಅವರೇ ಫೋನಲ್ಲಿ ಹೇಳಿದ್ರು. ಆಫೀಸಿಗೆ ಆ ಫೋನ್ ಮಾಡಿದ್ದು ನಾನು ಭಾವ. ನೀವು ಆ ಕುರ್ಚಿ ಬಿಟ್ಟು ಏಳಲಿ ಅಂತ. ಆಮೇಲೆ ಆ ಫೋನ್ ಹಾಗೇ ಪಕ್ಕಕ್ಕಿಟ್ಟು, ನನ್ನ ಅಣ್ಣನ ಮೊಬೈಲಿಂದ ನಿಮ್ಮ ತಮ್ಮನಿಗೂ ಒಂದು ಫೋನ್ ಮಾಡಿದೆ, ಒಳಗೆ ಇರೋದು ಭಾವ ಅಲ್ಲ, ನಮ್ಮ ಮಗಳು ಅಂತ.”